ರಜಾ ಬೇಡದ ತಿಂಗಳುಗಳು

ಗಂಟಲು ನೋವೆಂದು ಆಸ್ಪತ್ರೆಯ ಬೆಂಚಿನಲ್ಲಿ ಕಾದಿದ್ದ ಗ್ರಂಥಪಾಲಕಿಯ ಪಕ್ಕಕ್ಕೆ ಇಬ್ಬರು ಬಂದು ಕೂತರು. ಒಂದೇ ಮನೆಯ ಓರಗಿತ್ತಿಯರೆಂದು ಮಾತಿನಲ್ಲೇ ಗೊತ್ತಾಯಿತು. ಕೆಲಸದ ನಡುವೆ ಎದ್ದು ಬಂದಂತೆ, ಕಿರಿಯವಳ ಕೊರಳಲ್ಲಿ ಹೊಲಿಗೆಯ ಟೇಪು ಇನ್ನೂ ನೇತಾಡುತ್ತಿತ್ತು. ಹಿರಿಯವಳು ಆಸ್ಪತ್ರೆಯ ಚೀಟಿ ತುಂಬುತ್ತಿದ್ದಳು.

“ಕೊನೇ ಸಲ ಮುಟ್ಟಾಗಿದ್ದು ಯಾವಾಗ ಕಣೇ?”

“ನೆನಪಿಲ್ಲ ಅಕ್ಕ.”

“ಅಂದಾಜು ಹೇಳೇ, ಮಾರಾಯ್ತಿ.”

“ಫ್ಯಾಕ್ಟರೀಲಿ ನನ್ನನ್ನ ಕಾಲರ್ ಹೊಲಿಯೋ ಸಾಲಿಗೆ ಹಾಕಿದ್ರಲ್ಲ, ಅದಕ್ಕೂ ಮುಂಚೆ.”

“ಅದಾಗಿ ಐದು ತಿಂಗಳಾಯ್ತು!”

“ಮೊದಲಿಂದ್ಲೂ ಹಾಗೇ. ವರ್ಷಕ್ಕೆ ಮೂರು ಸಲ, ಹೆಚ್ಚಂದ್ರೆ ನಾಲ್ಕು.”

ಹಿರಿಯವಳ ಪೆನ್ನು ನಿಂತಿತು.

“ಮಗು ಯಾಕಾಗ್ಲಿಲ್ಲ ಅಂತ ಆರು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀವಿ. ಇದನ್ನ ಬಾಯಿಬಿಟ್ಟು ಹೇಳ್ಬಾರ್ದಾಗಿತ್ತಾ?”

“ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು? ಜೊತೇಲಿ ಕೆಲಸ ಮಾಡೋರೆಲ್ಲ ತಿಂಗಳು ತಿಂಗಳು ಹೊಟ್ಟೆನೋವು ಅಂತ ರಜಾ ಹಾಕೋರು. ನೀನೇ ಪುಣ್ಯವಂತೆ ಕಣೇ ಅನ್ನೋರು ನಂಗೆ. ಒಂದು ದಿನಾನೂ ತಪ್ಪಿಸ್ಲಿಲ್ಲ ಅಂತ ಗಡಿಯಾರ ಕೊಟ್ರಲ್ಲ ಫ್ಯಾಕ್ಟರಿಯಿಂದ.”

“ನಡುಮನೇಲಿ ಇರೋದಾ?”

“ಹ್ಞೂಂ, ಅದೇ.”

“ಬಂದವರಿಗೆಲ್ಲ ತೋರಿಸ್ತಿದ್ದೆ ನಾನು.”

ಹಿರಿಯವಳು ಚೀಟಿಯಲ್ಲಿ ‘ಐದು ತಿಂಗಳು’ ಎಂದು ಬರೆದಳು.

“ವಾಸಿಯಾಗತ್ತಾ ಅಕ್ಕ?”

“ಔಷಧಿ ಇರತ್ತೆ. ಮೊದಲು ಎಲ್ಲಾನೂ ಹೇಳು ಡಾಕ್ಟರಿಗೆ. ನಾನಾದ್ರೂ ಕೇಳ್ಬೇಕಿತ್ತು.”

ನರ್ಸ್ ಅವರ ಸಂಖ್ಯೆ ಕೂಗಿದಳು. ಕಿರಿಯವಳು ಎದ್ದು ಟೇಪು ತೆಗೆದು, ಬೆರಳಿಗೆ ಅಚ್ಚುಕಟ್ಟಾಗಿ ಸುತ್ತಿ ಓರಗಿತ್ತಿಯ ಕೈಗಿಟ್ಟಳು.

“ಇವತ್ತೇ ಮೊದಲ್ನೇ ರಜಾ ಅಕ್ಕ,” ಎಂದಳು.

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.