ಒಳಗೆ: ಒಬ್ಬರು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕಟ್ಟಡದ ಲಿಫ್ಟ್ ಕೆಟ್ಟು ನೆಲಮಹಡಿಯಲ್ಲೇ ಬಾಯಿ ತೆರೆದುಕೊಂಡು ನಿಂತಿತ್ತು. ರಿಪೇರಿಯವನು ನೀರು ತುಂಬಿದ ಯಾವುದೋ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದಾನೆಂದು ಫೋನ್ ಬಂದಿತ್ತು. ಹತ್ತಬಲ್ಲವರು ಹತ್ತಿಹೋಗಿದ್ದರು. ಮಂಡಿನೋವಿನವರು, ಅವರಿಗೆ ಜೊತೆಯಾದವರು, ಸುಮ್ಮನೆ ಹರಟೆಗೆಂದು ಉಳಿದವರು, ಹೀಗೆ ಏಳೆಂಟು ಜನ ತರಕಾರಿ ಚೀಲ, ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತಿದ್ದರು.

"ಒಂದು ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಕಣ್ರೀ," ಎಂದರು ಮೇಲಿನ ಮಹಡಿಯ ಮೇಷ್ಟ್ರು. "ಇದರೊಳಗಿರೋದೂ ಕಂಪ್ಯೂಟರ್ರೇ ತಾನೇ? ಯಾವುದೋ ಬಗ್ ಇರುತ್ತೆ, ಅಷ್ಟೆ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂತಿದ್ದ ಟೆಸ್ಟಿಂಗ್ ಅಜ್ಜಿ ನಕ್ಕರು. ಅಜ್ಜಿಗೆ ಆ ಹೆಸರು ಬಂದದ್ದು ಅವರು ಆಯುಷ್ಯವೆಲ್ಲ ಕಂಪ್ಯೂಟರ್ ಪ್ರೋಗ್ರಾಂಗಳ ತಪ್ಪು ಹುಡುಕುವ ಕೆಲಸದಲ್ಲಿ ಕಳೆದದ್ದರಿಂದ. ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ಒಳಗೆ ತೆಗೆದುಕೊಳ್ಳುವವರು ಅವರು.

"ಅಷ್ಟೆ ಅಂತೀರಲ್ಲ ಮೇಷ್ಟ್ರೇ," ಎಂದರು ಅಜ್ಜಿ. "ಒಂದು ಬಗ್ಗಿನ ಕತೆ ಹೇಳ್ತೀನಿ. ಹತ್ತಿರ ಬನ್ನಿ. ಮಳೆ ಸದ್ದಿಗೆ ಕೂಗೋಕೆ ನನ್ನ ಕೈಲಾಗಲ್ಲ."

ಎಲ್ಲರೂ ಒಂದೆರಡು ಮೆಟ್ಟಿಲು ಕೆಳಗೆ ಸರಿದು ಕೂತರು. ಅಜ್ಜಿ ಸೆರಗನ್ನು ಹೆಗಲ ಸುತ್ತ ಹೊದ್ದುಕೊಂಡು ಶುರುಮಾಡಿದರು.

"ನಾವು ಕೆಲಸ ಮಾಡ್ತಿದ್ದ ಕಂಪನೀಲಿ ಬಾಗಿಲುಗಳಿಗೆ ಬುದ್ಧಿ ಕಲಿಸ್ತಿದ್ವಿ. ನಗಬೇಡಿ, ನಿಜವಾಗ್ಲೂ ಅದೇ ಕೆಲಸ... ದೊಡ್ಡ ದೊಡ್ಡ ಕೋಲ್ಡ್ ರೂಮು, ಔಷಧಿ ಗೋಡೌನು, ಅಂಥ ಕಡೆ ತಾನಾಗಿ ಮುಚ್ಚಿ ತಾನಾಗಿ ತೆಗೆಯೋ ಬಾಗಿಲು ಇರುತ್ತಲ್ಲ, ಅದರೊಳಗೆ ಕೂತು ನಡೆಸೋ ಆಪರೇಟಿಂಗ್ ಸಿಸ್ಟಂ ನಾವು ಬರೀತಿದ್ವಿ. ಒಬ್ಬೊಬ್ಬರು ಒಂದೊಂದು ತುಂಡು ಬರೆಯೋದು, ದಿನಾ ಆ ತುಂಡುಗಳನ್ನೆಲ್ಲ ಸೇರಿಸಿ ಒಂದು ಮಾಡೋದು. ಅದಕ್ಕೆ ಬಿಲ್ಡ್ ಅಂತಾರೆ. ಸೇರಿಸಿದ ಮೇಲೆ ಕಂಪ್ಯೂಟರಿನೊಳಗೇ ಒಂದು ಸುಳ್ಳು ಬಾಗಿಲು ಮಾಡಿ ತೆಗೆದು ಮುಚ್ಚಿ ನೋಡೋದು. ಎಲ್ಲ ಸರಿಯಿದ್ರೆ ಸ್ಕ್ರೀನ್ ಮೇಲೆ ಹಸಿರು. ಎಲ್ಲಾದ್ರೂ ಎಡವಿತೋ, ಕೆಂಪು.

"ಆ ಬಿಲ್ಡ್ ನೋಡ್ಕೊಳ್ತಿದ್ದೋಳು ಒಬ್ಬಳಿದ್ದಳು, ನನ್ನ ಪಕ್ಕದ ಕುರ್ಚಿಯೋಳು, ನನ್ನ ಜೀವದ ಗೆಳತಿ. ಆಫೀಸಿಗೆಲ್ಲ ಅವಳು ಅತ್ತಿಗೆ. ಯಾಕೆ ಅಂದ್ರೆ, ಅವಳ ಮೈದುನನೂ ಅಲ್ಲೇ ಕೆಲಸಕ್ಕಿದ್ದ. ಅವನು 'ಅತ್ತಿಗೇ' ಅಂತ ಕಾರಿಡಾರಿನ ಆ ತುದಿಯಿಂದ ಕೂಗ್ಕೊಂಡು ಬರ್ತಿದ್ನಲ್ಲ, ಕೇಳಿ ಕೇಳಿ ನಾವೂ ಹಾಗೇ ಕರೆಯೋಕೆ ಶುರುಮಾಡಿದ್ವಿ. ಬಾಯಿ ತುಂಬ ತಮಾಷೆ ಆ ಹುಡುಗಂದು. ಬಾಗಿಲ ಬೀಗದ ಪ್ರೋಗ್ರಾಂ ಬರೀತಿದ್ದ ಹಿರಿಯರಿಗೆ ಬೀಗದಣ್ಣ ಅಂತ ಹೆಸರಿಟ್ಟವನೂ ಅವನೇ. ನಾವೆಲ್ಲ ಅವರನ್ನ 'ಬನ್ನಿ, ಹೋಗಿ' ಅಂದ್ರೆ, ಇವನೊಬ್ಬ 'ಬಾರೋ ಬೀಗದಣ್ಣ, ಟೀ ಕುಡಿಯೋಣ' ಅಂತಿದ್ದ. ಅವರೂ ನಕ್ಕೊಂಡು ಎದ್ದು ಹೋಗ್ತಿದ್ರು.

"ಆಫೀಸಿನ ಹಿಂದೆ ಒಂದು ನಿಜವಾದ ಕೋಲ್ಡ್ ರೂಮ್ ಕಟ್ಟಿಸಿದ್ರು, ಬಾಗಿಲು ಪರೀಕ್ಷೆ ಮಾಡೋಕೆ ಅಂತ್ಲೇ. ಒಂದಿನ ಏನಾಯ್ತು... ಒಳಗೆ ಎಷ್ಟು ಜನ ಇದಾರೆ ಅಂತ ಎಣಿಸೋ ತುಂಡನ್ನೂ ಸೇರಿಸಿದ ಹೊಸ ಬಿಲ್ಡ್ ಹಸಿರು ಬಂತು. ಬಹಳ ದಿನ ತಿಣುಕಿ ತಿಣುಕಿ ಬಂದ ಹಸಿರು ಅದು. ಮ್ಯಾನೇಜರ್ರು ಕೇಕ್ ತರಿಸಿದ್ರು. ಎಲ್ಲರೂ ಆಫೀಸಲ್ಲೇ ಕೇಕ್ ತಿಂದ್ವಿ, ಫೋಟೊ ತೆಗೆಸ್ಕೊಂಡ್ವಿ, ಅತ್ತಿಗೆ ಕೈಯಿಂದಲೇ ಕೇಕ್ ಕಟ್ ಮಾಡಿಸಿದ್ವಿ. ಮೈದುನನ ಪಾಲನ್ನ ಅವಳು ಪ್ಲೇಟಲ್ಲಿ ಎತ್ತಿಟ್ಟಳು. ಎಲ್ಲೋ ಹೋಗಿದಾನೆ, ಬರ್ತಾನೆ ಅಂತ. ಅವನು ಆ ಹೊಸ ಬಿಲ್ಡನ್ನ ನಿಜವಾದ ಬಾಗಿಲಿಗೆ ಹಾಕಿ ನೋಡೋಣ ಅಂತ ಕೋಲ್ಡ್ ರೂಮಿಗೆ ಹೋಗಿದ್ದ. ಬಾಗಿಲು ಮುಚ್ಚಿತು. ತೆಗೀಲಿಲ್ಲ... ನಮಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲು ಏನು ಮಾಡಿದ್ರೂ ಜಗ್ಗಲಿಲ್ಲ ನೋಡಿ, ಕೊನೆಗೆ ಹಿಂದಿನ ಗೋಡೆ ಒಡೆದು ಅವನನ್ನ ಆಚೆ ತಂದ್ರು."

ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಲೇ ಇತ್ತು.

"ಒಳಗೊಂದು ಕೆಂಪು ಗುಂಡಿ ಇರುತ್ತೆ. ಒತ್ತಿದ್ರೆ ಬಾಗಿಲು ತೆಗೀಲೇಬೇಕು. ವಿಚಾರಣೆ ಮಾಡಿದೋರು ಏನು ಬರೆದ್ರು ಗೊತ್ತಾ? ಗುಂಡಿ ಒತ್ತಿದ ಗುರುತೇ ಸಿಸ್ಟಮ್ಮಲ್ಲಿಲ್ಲ, ಹುಡುಗ ಗಾಬರಿಯಲ್ಲಿ ಒತ್ತೋದನ್ನೇ ಮರೆತಿದಾನೆ, ತಪ್ಪು ಅವನದೇ... ಅಂತ. ಫೈಲು ಮುಚ್ಚಿದ್ರು. ಅತ್ತಿಗೆಯ ಗಂಡ ಲಾರಿ ಜೊತೆ ತಿಂಗಳುಗಟ್ಟಲೆ ಹೊರಗೇ ಇರೋನು. ಮನೇಲಿ ಅವಳು, ಅವಳ ಅತ್ತೆ, ಇಬ್ಬರೇ. ಆ ಮುದುಕಿ ಅಳಲಿಲ್ಲ, ಬಯ್ಯಲಿಲ್ಲ. ಊಟಕ್ಕೆ ಕೂತಾಗೆಲ್ಲ ಒಂದೇ ಮಾತು: 'ನನ್ನ ಮಗನಿಗೆ ಒಂದು ಗುಂಡಿ ಒತ್ತೋಕೆ ಬರ್ತಿರಲಿಲ್ವೇನೇ?' ಹೇಳಿ, ತುತ್ತು ಹೇಗೆ ಇಳೀಬೇಕು? ಕೆಲಸ ಬಿಟ್ಟುಬಿಡು ಅಂತ ನಾನೇ ಎಷ್ಟೋ ಸಲ ಹೇಳಿದೆ. 'ಬಿಟ್ಟು ಎಲ್ಲಿಗೆ ಹೋಗ್ಲೇ? ಉತ್ತರ ಇರೋದು ಇಲ್ಲೇ' ಅಂದಳು. ಅವಳ ಮನೆಗೂ ಬಾಗಿಲಿತ್ತು, ಆಫೀಸಿಗೂ ಇತ್ತು, ಆದ್ರೆ ಎರಡರಿಂದಲೂ ಅವಳಿಗೆ ಆಚೆ ಬರೋಕೆ ದಾರಿ ಇರಲಿಲ್ಲ.

"ಆಮೇಲೆ ಶುರುವಾಯ್ತು ನೋಡಿ. ಬಿಲ್ಡ್ ಕೆಂಪಾಗೋಕೆ ಹತ್ತಿತು. ಎಲ್ಲ ತುಂಡು ಸರಿಯಾಗಿ ಸೇರುತ್ತೆ, ಸುಳ್ಳು ಬಾಗಿಲು ಮುಚ್ಚುತ್ತೆ, ಅಲ್ಲಿಗೆ ನಿಂತುಬಿಡುತ್ತೆ. ಸ್ಕ್ರೀನ್ ಮೇಲೆ ಒಂದೇ ಸಾಲು. 'ಒಳಗೆ: ಒಬ್ಬರು.' ಅಲ್ಲ, ಕಂಪ್ಯೂಟರಿನೊಳಗಿನ ಸುಳ್ಳು ಬಾಗಿಲು ಅದು, ಅದರ ಹಿಂದೆ ಕೋಣೆಯೇ ಇಲ್ಲ, ಒಳಗೆ ಯಾರಿರ್ತಾರೆ? ಬೀಗದಣ್ಣ ಹಳೇ ಕಸ ಏನೋ ಉಳಿದಿರಬೇಕು ಅಂದ್ರು. ಅತ್ತಿಗೆ ಎಲ್ಲ ಅಳಿಸಿ ಮೊದಲಿಂದ ಬಿಲ್ಡ್ ಮಾಡಿದಳು. ಒಳಗೆ: ಒಬ್ಬರು. ಡಬ್ಬಿಯಿಂದ ಆಗ ತಾನೇ ತೆಗೆದ ಹೊಸ ಮೆಷೀನಲ್ಲಿ ಮಾಡಿದಳು. ಒಳಗೆ: ಒಬ್ಬರು. ಎಲ್ಲಿ ಎಡವುತ್ತೆ ನೋಡೋಣ ಅಂತ ನಡುವೆ ನಡುವೆ 'ಇಲ್ಲಿವರೆಗೆ ಬಂದೆ' ಅಂತ ಹೇಳೋ ಸಾಲು ಸೇರಿಸಿದ್ರು. ಸೇರಿಸಿದ್ರೋ ಇಲ್ಲವೋ ಬಗ್ ಮಾಯ, ಹಸಿರು! ಆ ಸಾಲು ತೆಗೆದ್ರು, ಮತ್ತೆ ಕೆಂಪು. ನಾವು ನೋಡ್ತಾ ಇದ್ರೆ ಉಸಿರು ಬಿಗಿಹಿಡಿದು ಕೂರುತ್ತೆ, ಕಣ್ಣು ಆಚೆ ತಿರುಗಿಸಿದ್ರೆ ಎದ್ದು ನಿಲ್ಲುತ್ತೆ... ನನಗಂತೂ ಆ ಕೋಣೇಲಿ ಒಬ್ಬಳೇ ಕೂರೋಕೆ ಮೈಯೆಲ್ಲ ಜುಂ ಅಂತಿತ್ತು.

"ಅತ್ತಿಗೆ ಬಿಡಲಿಲ್ಲ. ಹಳೇ ಬಿಲ್ಡುಗಳನ್ನ ಒಂದೊಂದಾಗಿ ಹಿಂದಕ್ಕೆ ಹಿಂದಕ್ಕೆ ತೆಗೆದು ನೋಡುತ್ತಾ ಹೋದಳು. ಇದು ಕೆಂಪು, ಇದೂ ಕೆಂಪು, ಇದೂ... ಎಲ್ಲಿಂದ ಹಸಿರು? ಕೇಕ್ ಕಟ್ ಮಾಡಿದ ದಿನಕ್ಕಿಂತ ಹಿಂದಿನದೆಲ್ಲ ಹಸಿರು. ಆ ದಿನದ್ದು, ನಾವೆಲ್ಲ ಹಸಿರು ಅಂತ ಕುಣಿದಾಡಿದ ಆ ಬಿಲ್ಡು... ಈಗ ಕೆಂಪು.

"ಅಷ್ಟು ಹೊತ್ತಿಗೆ ಮ್ಯಾನೇಜರ್ರ ತಾಳ್ಮೆ ಮುಗಿದಿತ್ತು. 'ಆ ಒಂದು ಟೆಸ್ಟ್ ತೆಗೆದುಹಾಕಿ ಕಳಿಸಮ್ಮ. ಊರೂರಲ್ಲಿ ಬಾಗಿಲು ಕೂರಿಸಿ ಕಾಯ್ತಿದಾರೆ' ಅಂದ್ರು. ಅತ್ತಿಗೆ, 'ಇವತ್ತೊಂದು ಮಧ್ಯಾಹ್ನ ಟೈಮ್ ಕೊಡಿ ಸಾರ್, ನಿಜವಾದ ಬಾಗಿಲಲ್ಲೇ ನೋಡಿಬಿಡ್ತೀನಿ' ಅಂದಳು. ಬೀಗದಣ್ಣನ್ನ ಕರ್ಕೊಂಡು ಹಿಂದಿನ ಕೋಲ್ಡ್ ರೂಮಿಗೆ ಹೋದಳು. ಒಡೆದ ಗೋಡೆ ಮುಚ್ಚಿ ಬಣ್ಣ ಬಳಿದಿದ್ರು. ಅವರು ಹೊರಗೆ ಕಂಪ್ಯೂಟರ್ ಮುಂದೆ ಕೂತ್ರು, ಇವಳು ಬಾಗಿಲ ಹತ್ತಿರ ನಿಂತಳು. ಬಾಗಿಲ ಮೇಲಿನ ಸಣ್ಣ ಪರದೆ ಹೇಳ್ತಿದೆ, ಒಳಗೆ: ಒಬ್ಬರು. ಖಾಲಿ ಕೋಣೆ, ಕಣ್ಣಿಗೇ ಕಾಣ್ತಿದೆ! ಎಣಿಸೋ ಸೆನ್ಸರಿಗೆ ಮಂಜು ಕಟ್ಟಿರಬೇಕು, ಒರೆಸಿ ಬರೋಣ ಅಂತ ಬಾಗಿಲಿಗೆ ಒಂದು ಸ್ಟೂಲ್ ಅಡ್ಡ ಇಟ್ಟು ಒಳಗೆ ಕಾಲಿಟ್ಟಳು. ಒಂದೇ ಕ್ಷಣ... ಬಾಗಿಲು ಆ ಸ್ಟೂಲನ್ನ ತರಗೆಲೆ ಥರ ಆಚೆ ತಳ್ಳಿ ಜಾರಿಕೊಂಡು ಬಂತು. ಅವಳು ಹಾರಿ ಕೆಂಪು ಗುಂಡಿ ಒತ್ತಿದಳು. ಬಾಗಿಲು ಮುಚ್ಚಿತು.

"ಒತ್ತಿದಳು, ಗುದ್ದಿದಳು, ಎರಡೂ ಕೈಯಲ್ಲಿ ಜಜ್ಜಿದಳು. ಊಹೂಂ. ಬಾಗಿಲಲ್ಲೊಂದು ಅಂಗೈಯಗಲದ ಗಾಜಿತ್ತು. ಆಚೆ ಬೀಗದಣ್ಣನ ಬಾಯಿ ಆಡ್ತಿದೆ, ಸದ್ದು ಒಳಗೆ ಬರ್ತಿಲ್ಲ. ನೀಲಿ ದೀಪ. ತಲೆ ಮೇಲೆ ಫ್ಯಾನಿನ ಗುಂಯ್ ಅನ್ನೋ ಸದ್ದು. ಚಳಿ ಮೂಳೆಗೆ ಇಳೀತಿದೆ. ಒಳಗಿನ ಪರದೆ ಕಡೆ ನೋಡಿದಳು. ಒಳಗೆ: ಇಬ್ಬರು.

"ಹೆದರಿಕೆಗೆ ಅವಳು ಉಸಿರು ಬಿಗಿಹಿಡಿದಳಂತೆ. ಚಳೀಲಿ ಬಾಯಿಂದ ಬಿಳಿ ಹಬೆ ಬರುತ್ತಲ್ಲ... ಅವಳು ಉಸಿರು ಹಿಡಿದೇ ಇದ್ದಾಳೆ, ಪಕ್ಕದಲ್ಲಿ, ಅವಳ ಹೆಗಲ ಎತ್ತರದಲ್ಲಿ, ಹಬೆ ಬರ್ತಾನೇ ಇದೆ. ಬರುತ್ತೆ, ಕರಗುತ್ತೆ. ಬರುತ್ತೆ, ಕರಗುತ್ತೆ. ನೀವಾಗಿದ್ರೆ ಏನು ಮಾಡ್ತಿದ್ರಿ? ನಾನಾಗಿದ್ರೆ ಅಲ್ಲೇ ಪ್ರಾಣ ಬಿಡ್ತಿದ್ದೆ. ಅವಳು ಗುಂಡಿ ಮೇಲಿದ್ದ ತನ್ನ ಕೈ ನೋಡಿದಳು, ಆ ಹಬೆ ನೋಡಿದಳು. ಅಳು ಕಿತ್ಕೊಂಡು ಬಂತಂತೆ. 'ನೀನು ಒತ್ತಿದ್ದೆ ಅಲ್ವೇನಪ್ಪಾ... ಒತ್ತಿದ್ದೆ ಅಲ್ವಾ?' ಅಂದಳು.

"ಆಗ ಅವಳಿಗೆ ಬಗ್ ಹೊಳೀತು. ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಆ ಸಿಸ್ಟಮ್ಮಲ್ಲಿ ಇಬ್ಬರು ಆಳುಗಳಿದ್ದಾರೆ ಅನ್ಕೊಳ್ಳಿ. ಒಬ್ಬ ಬೀಗದವನು, ಒಬ್ಬ ಒಳಗಿರೋರನ್ನ ಎಣಿಸೋನು. ಎಣಿಸೋನು ಕೇಕ್ ದಿನ ಹೊಸದಾಗಿ ಸೇರಿದವನು. ಬಾಗಿಲು ಮುಚ್ಚೋ ಕ್ಷಣಕ್ಕೇ ಸರಿಯಾಗಿ ಗುಂಡಿ ಒತ್ತಿದ್ರೆ, ಬೀಗದವನು ಎಷ್ಟು ಜನ ಇದಾರೆ ಹೇಳು, ಆಮೇಲೆ ತೆಗೀತೀನಿ ಅಂತಾನೆ. ಎಣಿಸೋನು ಮೊದಲು ತೆಗಿ, ಆಮೇಲೆ ಎಣಿಸಿ ಹೇಳ್ತೀನಿ ಅಂತಾನೆ. ಇವನು ಅವನಿಗೆ ಕಾಯ್ತಾನೆ, ಅವನು ಇವನಿಗೆ. ಗುಂಡಿ ಒತ್ತಿದ್ದನ್ನ ಬರೆದಿಡೋಕೂ ಇಬ್ಬರಿಗೂ ಬಿಡುವಿಲ್ಲ. ಹಾಗೇ ಕಾಯ್ತಾ ನಿಲ್ತಾರೆ... ಒಳಗಿರೋನು ಸಾಯೋವರೆಗೂ.

"ಹೊರಗಿನಿಂದ ಎಣಿಸೋನನ್ನ ನಿಲ್ಲಿಸಿಬಿಟ್ರೆ ಬಾಗಿಲು ತೆಗೆಯುತ್ತೆ. ಬೀಗದಣ್ಣನಿಗೆ ಹೇಳೋದು ಹೇಗೆ? ಗಾಜಿನ ಮೇಲೆ ಮಂಜು ಕಟ್ಟಿತ್ತು. ಬೆರಳಲ್ಲಿ ಬರೆಯೋಕೆ ಹೋದಳು. ಬೆರಳು ಮರಗಟ್ಟಿ ಒಂದಕ್ಷರ ಗೀಚಿದಳೋ ಇಲ್ಲವೋ, ಎಚ್ಚರ ತಪ್ಪಿ ಕೆಳಗೆ ಬಿದ್ದಳು.

"ಎಚ್ಚರ ಆದಾಗ ಹೊರಗೆ ಮಲಗಿದ್ದಳು. ಬೀಗದಣ್ಣ ಅವಳ ಕೈ ತಿಕ್ಕುತ್ತಾ ಕೂತಿದ್ರು. 'ನೀವು ಬರೆದಿದ್ದು ಓದಿ ನಿಲ್ಲಿಸ್ದೆ ಅತ್ತಿಗೆ' ಅಂದ್ರು. 'ನಾನೇನು ಬರೆದೆ?' ಅಂದಳು. ಅವರು ಗಾಜು ತೋರಿಸಿದ್ರು. ಒಳಗಿನ ಮಂಜಿನ ಮೇಲೆ, ಹೊರಗಿಂದ ನೇರವಾಗಿ ಓದೋ ಹಾಗೆ, ದುಂಡು ಅಕ್ಷರದಲ್ಲಿ ಬರೆದಿತ್ತು. 'ಎಣಿಸೋದು ನಿಲ್ಸೋ ಬೀಗದಣ್ಣ.' ನಿಲ್ಸಿ ಅಂತಲ್ಲ... ನಿಲ್ಸೋ."

ಮೆಟ್ಟಿಲ ಮೇಲಿದ್ದವರಲ್ಲಿ ಯಾರೋ "ಅಯ್ಯೋ" ಎಂದರು. ಮೇಷ್ಟ್ರು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಬಗ್ ಸರಿಮಾಡಿದ್ರು. ಹುಡುಗನ ತಪ್ಪಿಲ್ಲ, ತಪ್ಪು ನಮ್ಮದು ಅಂತ ಕಂಪನಿಯವರು ಬರೆದುಕೊಡೋ ತನಕ ಅತ್ತಿಗೆ ಮ್ಯಾನೇಜರ್ರ ರೂಮಿಂದ ಕದಲಲಿಲ್ಲ. ಮನೆಗೆ ಹೋಗಿ ಅತ್ತೆ ಕಾಲ ಬುಡದಲ್ಲಿ ಕೂತು, 'ಅವನು ಗುಂಡಿ ಒತ್ತಿದ್ದ ಅತ್ತೆ, ಬಾಗಿಲೇ ಕೇಳಿಸ್ಕೊಳ್ಳಲಿಲ್ಲ' ಅಂದಳು. ಆ ಮುದುಕಿ ಅವತ್ತು ಅತ್ತರು. ಅತ್ತು ಅತ್ತು ಕಣ್ಣೊರೆಸ್ಕೊಂಡು ಕೇಳಿದ್ರು, 'ಹಾಗಾದ್ರೆ ಈಗ ಆಚೆ ಬಂದ್ನೇನೇ?'

"'ಕರ್ಕೊಂಡ್ ಬರ್ತೀನಿ ಅತ್ತೆ' ಅಂತ ಅವಳು ಮಾತು ಕೊಟ್ಟಳು. ಯಾಕಂದ್ರೆ ಬಾಗಿಲು ಹಾರುಹೊಡೆದ ಮೇಲೂ ಆ ಪರದೆ ಒಳಗೆ ಒಬ್ಬರು ಅಂತ್ಲೇ ತೋರಿಸ್ತಿತ್ತು. ಮಾರನೇ ದಿನ ಹೋಗಿ ಬಾಗಿಲು ಹಿಡ್ಕೊಂಡು ನಿಂತು, 'ಬಾರಪ್ಪಾ, ತೆಗೆದಿದೆ, ಬಾ' ಅಂತ ಮಗೂನ ಕರೆಯೋ ಹಾಗೆ ಕರೆದಳು. ಲೆಕ್ಕ ಬದಲಾಗಲಿಲ್ಲ. ಅವನನ್ನ ಗೋಡೆ ಒಡೆದು ತಂದಿದ್ರಲ್ಲ... ಬಾಗಿಲಿಂದ ಆಚೆ ಬಂದವರನ್ನ ಮಾತ್ರ ಎಣಿಸೋನು ಕಳೀತಾನೆ. ಅವನ ಲೆಕ್ಕದಲ್ಲಿ ಹುಡುಗ ಹೊರಗೆ ಬಂದೇ ಇಲ್ಲ. ಎಣಿಸೋ ತುಂಡನ್ನೇ ಬಿಸಾಕಿ ಹೊಸದು ಬರೆದ್ರೂ ಒಳಗೆ ಒಬ್ಬರು. ಕೊನೆಗೆ ಕೈಚೆಲ್ಲಿ ಬೀಗದಣ್ಣ ಒಂದು ಸಾಲು ಸೇರಿಸಿದ್ರು. ಬಂದ ಲೆಕ್ಕದಲ್ಲಿ ಒಂದು ಕಳೆದು ತೋರಿಸು, ಅಂತ. ಬಿಲ್ಡ್ ಹಸಿರಾಯ್ತು. ಸಿಸ್ಟಂ ಊರೂರಿಗೆ ಹೋಯ್ತು. ಯಾಕೆ ಒಂದು ಕಳೀತಾರೆ ಅಂತ ಹೊಸಬರಿಗೆ ಗೊತ್ತಿಲ್ಲ. ಅಳಿಸಿ ನೋಡ್ತಾರೆ, ಕೆಂಪಾಗುತ್ತೆ, ಬಾಯಿ ಮುಚ್ಕೊಂಡು ಮತ್ತೆ ಸೇರಿಸ್ತಾರೆ.

"ಅತ್ತಿಗೆ ಹೋದ ವರ್ಷ ತೀರ್ಕೊಂಡಳು. ಕೊನೇ ದಿನಗಳಲ್ಲಿ ನಾನೇ ಹಾಸಿಗೆ ಪಕ್ಕ ಇದ್ದೆ. ನೆಮ್ಮದಿಯಾಗೇ ಇದ್ದಳು. 'ಹೊರಗೆ ನಿಂತು ಕರೆದ್ರೆ ಅವನಿಗೆ ಕೇಳಿಸಲ್ಲ ಕಣೇ. ಒಳಗೆ ಹೋಗಿ ಕೈ ಹಿಡ್ಕೊಂಡು ಕರ್ಕೊಂಡ್ ಬರ್ತೀನಿ, ಅತ್ತೆಗೆ ಮಾತು ಕೊಟ್ಟಿದೀನಿ' ಅಂದಳು. ಸಾಯೋರ ಮಾತು, ಆಯ್ತು ಹೋಗಿ ಬಾ ಅಂದೆ. ಆದ್ರೆ ಮನಸ್ಸು ಕೇಳುತ್ತಾ? ಅಲ್ಲಿ ಈಗ ಬಿಲ್ಡ್ ನೋಡ್ಕೊಳ್ಳೋ ಹುಡುಗಿಗೆ ಆಗಾಗ ಫೋನ್ ಮಾಡ್ತಿದ್ದೆ. ಅವನು ಆಚೆ ಬಂದ್ರೆ ಆ ಒಂದು ಕಳೆಯೋ ಅಗತ್ಯ ಇರಲ್ಲ ಅಲ್ವಾ? ಆ ಸಾಲು ತೆಗೆದ್ರೂ ಹಸಿರು ಬರಬೇಕು ಅಲ್ವಾ?

"ಒಂದಿನ ಅವಳೇ ಫೋನ್ ಮಾಡಿದಳು. 'ಅಜ್ಜಿ, ಬಿಲ್ಡ್ ಇದ್ದಕ್ಕಿದ್ದ ಹಾಗೆ ಕೆಂಪಾಗಿದೆ, ಯಾರೂ ಏನೂ ಮುಟ್ಟಿಲ್ಲ' ಅಂದಳು. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ! ಬಂದ್ರು, ಇಬ್ಬರೂ ಆಚೆ ಬಂದ್ರು, ಕಳೆಯೋಕೆ ಒಳಗೆ ಯಾರೂ ಇಲ್ಲ, ಅದಕ್ಕೇ ಕೆಂಪು ಅನ್ಕೊಂಡೆ. 'ಆ ಸಾಲು ತೆಗೆದುಹಾಕಮ್ಮ, ಇನ್ನು ಬೇಡ' ಅಂದೆ.

"'ಇಲ್ಲ ಅಜ್ಜಿ, ಒಂದು ಕಳೆದ ಮೇಲೂ ಒಳಗೆ ಒಬ್ಬರು ಅಂತ ಬರ್ತಿದೆ' ಅಂದಳು.

"ಈಗ ಎರಡು ಕಳೆದು ತೋರಿಸ್ತಾರೆ... ಇವತ್ತು ಬೆಳಿಗ್ಗೆಯೂ ಕೇಳಿದೆ. ಎರಡೇ."