ಸುಣ್ಣ ಬಳಿದ ಕಲ್ಲು

ನಮ್ಮ ದೊಡ್ಡಪ್ಪನ ಮಗ ಶಿವನಂಜಯ್ಯ ಕತೆ ಕಟ್ಟುವಷ್ಟು ಬುದ್ಧಿವಂತನಲ್ಲ. ಅದಕ್ಕೇ ಇದನ್ನು ನಂಬಿದ್ದೇನೆ.

ಹನೂರು ಹತ್ತಿರದ ನಮ್ಮೂರು ಶಾಗ್ಯದ ಪಾಳುಬಾವಿ ದಾಟಿ, ಸರಿರಾತ್ರಿಯಲ್ಲಿ ಅವನು ಮನೆ ಕಡೆ ಬರುತ್ತಿದ್ದ. ಹೆಗಲ ಮೇಲೆ ಹಾರೆ. ಮಾಡಿ ಬಂದದ್ದು ಕಳ್ಳಕೆಲಸ...

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಮೇಲೆ ಹನೂರಿಗೆ ರೈಲು ಬರುತ್ತದೆ ಅಂತ ಆ ವರ್ಷ ಸರ್ವೆಯವರು ಹೊಲಹೊಲದಲ್ಲೂ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಒಂದು ಕಲ್ಲು ಇವನ ಹೊಲದಲ್ಲಿ, ಅವ್ವ ಗುರುಸಿದ್ದಮ್ಮನನ್ನು ಹೂತ ಗುಡ್ಡೆಯ ಪಕ್ಕಕ್ಕೇ ಬಿದ್ದಿತ್ತು.

"ಅತ್ತೆ ಎದೆ ಮ್ಯಾಲೆ ರೈಲು ಓಯ್ತದೆ. ನೋಡ್ಕಂಡು ಕುಂತಿರು," ಅಂದಿದ್ದಳು ಹೆಂಡತಿ ಶಿವರತ್ನಮ್ಮ.

ಆ ಮುದುಕಿಗೋ ರೈಲಿನ ಹುಚ್ಚು. ಸಾಯುವ ತನಕ ಬಾಯಲ್ಲಿ ಎಲೆಯಡಿಕೆ, ಮಾತಲ್ಲಿ ರೈಲು. "ಒಂದ್ಸಲ ಅತ್ಸು ಮಗಾ" ಅನ್ನೋಳು. ಸುಗ್ಗಿ ಮುಗೀಲಿ ಅನ್ನೋನು ಇವನು.

ಲೈನೇ ಆಚೆಗೆ ತಿರುಗಲಿ ಅಂತ ಅವನು ಕಲ್ಲು ಕಿತ್ತ. ಬ್ಯಾಟರಿ ಹಚ್ಚಿದರೆ ಯಾರಾದರೂ ಕಂಡಾರು ಅಂತ ಕತ್ತಲಲ್ಲೇ ಮೀಟಿ, ಹೊತ್ತು, ಬಾವಿಯಾಚೆಯ ಬೀಳುನೆಲದಲ್ಲಿ ನೆಟ್ಟು ಬಂದ.

ವಾಪಸು ಬರುವಾಗ ಬೆನ್ನ ಹಿಂದೆ... ಸರ್ರ್... ಟಕ್.

ನಿಂತ. ಸದ್ದೂ ನಿಂತಿತು. ನಡೆದ. ಸರ್ರ್... ಟಕ್. ಭಾರವಾದದ್ದನ್ನು ಎಳೆದೆಳೆದು ಇಟ್ಟ ಹಾಗೆ.

"ಯಾರ್ಲಾ ಅದು?"

ಥುಪ್ ಅಂತ ಉಗಿದ ಸದ್ದು. ಎಲೆಯಡಿಕೆ ವಾಸನೆ. ಆಮೇಲೆ ಕಿವಿಯ ಪಕ್ಕದಲ್ಲೇ, ಪಿಸುದನಿ...

"ರೈಲು ಬಂತಾ ಮಗಾ?"

ಹಾರೆ ಬಿಸಾಕಿ ಓಡಿದ.

ಬೆಳಿಗ್ಗೆ ಗಂಡ ಹೆಂಡತಿ ಹೋಗಿ ನೋಡಿದರೆ ಸರ್ವೆ ಕಲ್ಲು ಇದ್ದಲ್ಲೇ ಇದೆ. ಅವ್ವನ ತಲೆಗಲ್ಲು ಇದ್ದ ಕಡೆ ಗುಂಡಿ!

"ಅಯ್ಯೋ ನಿನ್ ಮನೆ ಕಾಯೋಗ! ಪಿತೃಪಕ್ಷ ಅಂತ ಅತ್ತೆ ಕಲ್ಲಿಗೂ ಮೊನ್ನೆ ಸುಣ್ಣ ಬಳ್ದಿದ್ನಲ್ಲ! ಅತ್ತೆನೇ ಕಿತ್ಕಂಡ್ ಓಗಿದ್ದೀಯ!"

ಬೀಳುನೆಲಕ್ಕೆ ಓಡಿದರು. ನೆಟ್ಟ ಜಾಗ ಖಾಲಿ. ಏನನ್ನೋ ಎಳೆದ ಗೀರು ನೇರ ಸರ್ವೆ ಕಲ್ಲುಗಳ ಸಾಲಿಗೆ ಹೋಗಿತ್ತು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಥರ. ಸರ್ಕಾರದ್ದು ಯಾವುದು, ಅವ್ವ ಯಾವುದು? ಕಡೆಗೆ ಒಂದರ ಬುಡದಲ್ಲಿ ಕೆಂಪಗೆ ಎಲೆಯಡಿಕೆ ರಸ ಕಂಡಿತು. ಹೊತ್ತು ತಂದು ಗುಡ್ಡೆಗೆ ನೆಟ್ಟ. ಮಾರನೇ ದಿನ ಗುಂಡಿ ಮತ್ತೆ ಖಾಲಿ. ಎಲೆಯಡಿಕೆಯ ಕೆಂಪು ಕೊಳ್ಳೇಗಾಲದ ಕಡೆಗೆ ಇನ್ನೊಂದು ಕಲ್ಲು ಮುಂದಕ್ಕೆ ಹೋಗಿತ್ತು.

ರೈಲು ಬರಲಿಲ್ಲ. ಸರ್ವೆಯವರೂ ತಿರುಗಿ ಬರಲಿಲ್ಲ. ಅವ್ವ ಮಾತ್ರ ಹೊರಟಿದ್ದಳು.

ಪ್ರತಿ ಪಿತೃಪಕ್ಷಕ್ಕೂ ಶಿವನಂಜಯ್ಯ ಎಲೆಯಲ್ಲಿ ಎಡೆ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದ. ಒಂದು ವರ್ಷ ಕೊಳ್ಳೇಗಾಲದ ಆಚೆ ಸಿಕ್ಕಳು. ಇನ್ನೊಂದು ವರ್ಷ ಯಳಂದೂರು ದಾಟಿ, ಕಬ್ಬಿನ ಗದ್ದೆ ಬದುವಿನಲ್ಲಿ.

"ಅವ್ವನ್ನ ಉಡುಕ್ಕಂಡು ಎಡೆ ಇಕ್ಕೋ ಮಗ ನಾನೊಬ್ನೇ ಕಣಕ್ಕ," ಅಂತ ನನ್ನ ಮುಂದೆ ನಕ್ಕ. ಆಮೇಲೆ ನಗಲಿಲ್ಲ. "ಟೇಸನ್ ಮುಟ್ಟುದ್ ಮ್ಯಾಲೆ ಎಲ್ಲಿ ಉಡುಕ್ಲಿ?"

ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ಚಾಮರಾಜನಗರ ಸ್ಟೇಷನ್ನಿನಾಚೆ, ಹಳಿ ಮುಗಿಯುವ ಕಡೆ ಒಂದು ಗುಂಡಿ. ಕಲ್ಲಿಲ್ಲ. ರೈಲು ಆಗ ತಾನೇ ಹೊರಟು ಹೋಗಿತ್ತು. ಎಡೆ ಹಿಡಿದುಕೊಂಡು ಅವನು ಹಳಿಯನ್ನೇ ನೋಡುತ್ತ ನಿಂತಿದ್ದ.

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಗುಂಡಿಯ ಅಂಚಿನ ಕೆಂಪನ್ನು ನಾನೇ ಮುಟ್ಟಿದ್ದೇನೆ... ಬೆರಳಿಗೆ ಹತ್ತಿತು. ಇನ್ನೂ ಬೆಚ್ಚಗಿತ್ತು.