ಬಾವಿ ಹತ್ತಿರ ಮೂರು ರಿಂಗು

ದೀಪ ಸಣ್ಣ ಮಾಡಿ, ಪೂರ್ತಿ ಆರಿಸಬೇಡಿ. ಎಲ್ಲರೂ ನಿಮ್ಮ ನಿಮ್ಮ ಫೋನು ತೆಗೆದು ಆ ಕಪಾಟಿನ ಮೇಲಿಡಿ. ಮಧ್ಯದಲ್ಲಿ ಯಾರದಾದರೂ ಬಡಕೊಂಡರೆ ನಾನು ಮುಂದೆ ಹೇಳೋಳಲ್ಲ. ನನ್ನ ಎದೆಯೂ ಮೊದಲಿನ ಹಾಗಿಲ್ಲ.

ಇದು ನನ್ನ ತಂಗಿಯ ಮೊಮ್ಮಗಳಿಗೆ ಆದದ್ದು. ಹುಟ್ಟಿದಾಗ ಅಂಗೈಯಷ್ಟಿದ್ದಳು, ಹಾಗಾಗಿ ಗುಬ್ಬಿ ಅಂತಲೇ ಹೆಸರು ಬಿತ್ತು. ಹೆತ್ತವರು ಬೇಗ ಹೋದರು. ಹತ್ತು ವರ್ಷ ದೊಡ್ಡವಳಾದ ಅಕ್ಕ ಊರಿನವರ ಬಟ್ಟೆ ಹೊಲಿದು ಹೊಲಿದು ಇವಳನ್ನು ಓದಿಸಿದಳು. ಗುಬ್ಬಿಗೆ ಕೆಲಸ ಸಿಕ್ಕಿತು. ಫೋನಿನೊಳಗೆ ಹಾಕಿಕೊಳ್ಳುತ್ತೀರಲ್ಲ ಆ್ಯಪು, ಅದನ್ನು ಮಾಡುವ ಕೆಲಸ. ನಾಲ್ಕೇ ಜನರ ಆಫೀಸು.

ಆಫೀಸಿನಿಂದ ಬಾಡಿಗೆ ರೂಮಿಗೆ ಬರುವ ದಾರಿಯಲ್ಲಿ ಒಂದು ಓಣಿ. ಎರಡೂ ಕಡೆ ಮುಚ್ಚಿಹೋದ ಗೋದಾಮಿನ ಎತ್ತರದ ಗೋಡೆ. ನಡುವೆ ಒಂದು ಹಳೇ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಆ ಬಾವಿ ಹತ್ತಿರ ಬಂದರೆ ಫೋನಿನ ಸಿಗ್ನಲ್ಲು ಗಂಟಲು ಹಿಚುಕಿದ ಹಾಗೆ ಸತ್ತುಹೋಗುತ್ತಿತ್ತು. ನಾಲ್ಕು ಗೆರೆ, ಎರಡು ಗೆರೆ, ಒಂದು... ಏನೂ ಇಲ್ಲ. ಬೇರೆಯವರು ಬೈದುಕೊಂಡು ಬೇಗ ಬೇಗ ದಾಟುತ್ತಿದ್ದರು. ಗುಬ್ಬಿ ಅಲ್ಲೇ ನಿಲ್ಲುತ್ತಿದ್ದಳು. ನೆಟ್‌ವರ್ಕ್ ಹೋದಾಗ ತಾನು ಮಾಡಿದ ಆ್ಯಪು ಏನು ಮಾಡುತ್ತದೆ ಅಂತ ನೋಡೋಕೆ ಅವಳಿಗೆ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ.

ಆ ರಾತ್ರಿ ಹನ್ನೊಂದು ದಾಟಿತ್ತು. ಅವಳ ಚಪ್ಪಲಿ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಟ್... ಚಟ್... ಬಾವಿ ಹತ್ತಿರ ಬಂದು ಫೋನು ನೋಡಿದಳು. ಗೆರೆ ಒಂದೂ ಇಲ್ಲ.

ಟ್ರಿಣ್.

ಬೆಚ್ಚಿಬಿದ್ದಳು.

ಟ್ರಿಣ್... ಟ್ರಿಣ್.

ಮೂರು ಸಲ ಬಡಿದು ನಿಂತಿತು. ಪರದೆಯ ಮೇಲೆ ಯಾರ ಹೆಸರೂ ಬರಲಿಲ್ಲ. ಯಾರ ಕರೆ ಅಂತ ನೋಡಿದರೆ ಪಟ್ಟಿಯಲ್ಲಿ ಏನೂ ಇಲ್ಲ.

ಸಿಗ್ನಲ್ ಇಲ್ಲದ ಕಡೆ ರಿಂಗು ಹೇಗೆ ಬರುತ್ತದೆ ಅಂತ ಕೇಳುತ್ತೀರಿ ತಾನೆ? ಅವಳೂ ಅದನ್ನೇ ಕೇಳಿಕೊಂಡಳು. ಆದರೆ ಅವಳು ಹೆದರಿದ್ದು ಅದಕ್ಕಲ್ಲ. ಆ ಮೂರು ಅನ್ನೋ ಲೆಕ್ಕಕ್ಕೆ.

ಅಕ್ಕ ತಂಗಿಯರ ನಡುವೆ ಒಂದು ಗುಟ್ಟಿನ ಭಾಷೆ ಇತ್ತು. ಫೋನಿಗೆ ದುಡ್ಡು ಹಾಕಿಸೋದು ಕಷ್ಟವಾಗಿದ್ದ ಕಾಲದಿಂದ ಬಂದದ್ದು. ಎರಡು ರಿಂಗು ಕೊಟ್ಟು ಕಟ್ ಮಾಡಿದರೆ, ನೀನೇ ಫೋನ್ ಮಾಡು. ಮೂರು ಕೊಟ್ಟರೆ, ಕೂಡಲೇ ಬಾ. ಒಂದೇ ಒಂದು ರಿಂಗು ಬಂದರೆ, ಮನೆ ಸೇರಿದೆ. ಈ ಒಂದು ರಿಂಗೇ ಹೆಚ್ಚು ಬರುತ್ತಿದ್ದದ್ದು. ಗುಬ್ಬಿಗೆ ತಡವಾದ ದಿನ ಅಕ್ಕ ಟಾರ್ಚು ಹಿಡಿದು ಆ ಬಾವಿ ತನಕ ಬಂದು ನಿಲ್ಲುತ್ತಿದ್ದಳು. ಇವಳನ್ನು ರೂಮಿಗೆ ಬಿಟ್ಟು, ಮೂರು ಬೀದಿ ದಾಟಿ ತನ್ನ ಮನೆಗೆ ಹೋಗಿ, ಒಂದು ರಿಂಗು ಕೊಡುತ್ತಿದ್ದಳು. ಆಮೇಲೇ ಗುಬ್ಬಿ ದೀಪ ಆರಿಸೋದು.

ಆ ಅಕ್ಕ ಸತ್ತು ಎಂಟು ತಿಂಗಳಾಗಿತ್ತು.

ಉಬ್ಬಸ ಇತ್ತು ಅವಳಿಗೆ. ಭಾವ ಲಾರಿ ಓಡಿಸೋನು, ಆ ರಾತ್ರಿ ದೂರ ಹೋಗಿದ್ದ. ಬೆಳಿಗ್ಗೆ ಬಟ್ಟೆ ಕೊಡೋಕೆ ಬಂದವರು ಬಾಗಿಲು ಒಡೆದು ನೋಡಿದಾಗ ಹೊಲಿಗೆ ಮಿಷಿನ್ನಿನ ಮೇಲೆ ತಲೆ ಇಟ್ಟು ಕೂತ ಹಾಗೇ ಇದ್ದಳಂತೆ. ಸತ್ತ ಮನೆಯಲ್ಲಿ ಗುಬ್ಬಿ ಅಳಲಿಲ್ಲ, ಬೈದಳು. "ಹಟಮಾರಿ! ಮೂರು ಬೀದಿ ಆಚೆ ನಾನಿದ್ದೆ. ಒಂದು ಸಲ ಕರೆಯೋಕೆ ಏನಾಗಿತ್ತು ಇವಳಿಗೆ?" ಅಂತ. ನಾನು ಅಲ್ಲೇ ಇದ್ದೆ. ಎಂಟು ತಿಂಗಳೂ ಅವಳು ಅದೊಂದು ಸಿಟ್ಟಿನ ಮೇಲೇ ಬದುಕಿದಳು. ಅಳು ನುಂಗಬಹುದು ಮಕ್ಕಳೇ, ಸಿಟ್ಟು ನುಂಗಿದರೆ ಹೊಟ್ಟೆಯೊಳಗೆ ಕಲ್ಲಾಗಿ ಕೂರುತ್ತದೆ.

ಮರುದಿನ ಆಫೀಸಿನಲ್ಲಿ ಜೊತೆಯವನಿಗೆ ಹೇಳಿದಳು. ಇವರು ಮಾಡಿದ್ದರಲ್ಲಿ ತಪ್ಪು ಹುಡುಕೋದೇ ಅವನ ಕೆಲಸ. ದಪ್ಪ ಕನ್ನಡಕ, ಹಾಗಾಗಿ ಕನ್ನಡಕದಣ್ಣ.

"ಸಿಗ್ನಲ್ ಇಲ್ದೆ ಫೋನ್ ಹೊಡ್ಕೊಳಲ್ಲ ಗುಬ್ಬಿ. ನಿನಗೆ ನಿದ್ದೆ ಇಲ್ಲ, ಅದೇ ತೊಂದರೆ."

"ನನ್ನ ಕಿವಿಯಾರೆ ಕೇಳ್ದೆ ಅಣ್ಣ."

"ಸರಿ, ಇವತ್ತು ಫೋನನ್ನ ಏರೋಪ್ಲೇನ್ ಗುರುತಿಗೆ ಹಾಕ್ಕೊಂಡು ನಿಲ್ಲು. ಆಗಲೂ ಹೊಡ್ಕೊಂಡ್ರೆ ನಾನು ಕೆಲಸ ಬಿಟ್ಟು ತರಕಾರಿ ಮಾರ್ತೀನಿ."

ಏರೋಪ್ಲೇನ್ ಗುರುತು ಅಂದರೆ ಫೋನಿನ ಕಿವಿ ಬಾಯಿ ಎರಡನ್ನೂ ಹೊಲಿದ ಹಾಗೆ. ಹೊರಗಿನ ಯಾವ ಕರೆಯೂ ಒಳಗೆ ಬರೋಕಾಗದು. ಗುಬ್ಬಿ ಹಾಗೇ ಮಾಡಿದಳು. ರಾತ್ರಿ ಬಾವಿ ಹತ್ತಿರ ನಿಂತಳು. ಮೇಲೆ ಏರೋಪ್ಲೇನಿನ ಚಿತ್ರ ಪುಟ್ಟದಾಗಿ ಕಾಣುತ್ತಿತ್ತು.

ಟ್ರಿಣ್... ಟ್ರಿಣ್... ಟ್ರಿಣ್.

ನಿಂತಿತು. ಆಮೇಲೆ ಜಾಲರಿಯ ಆಚೆಯಿಂದ ಇನ್ನೊಂದು ಸದ್ದು. ಬಲು ಸಣ್ಣದು. ಸುಂಯ್... ಸುಂಯ್... ಕೊಳಲಿನ ತೂತನ್ನು ಬೆರಳಲ್ಲಿ ಅರ್ಧ ಮುಚ್ಚಿ ಊದಿದ ಹಾಗೆ. ಉಬ್ಬಸದವರು ಮನೆಯಲ್ಲಿದ್ದರೆ ನಿಮಗೆ ಆ ಸದ್ದು ಗೊತ್ತಿರುತ್ತದೆ.

"ಅಕ್ಕಾ?" ಗುಬ್ಬಿ ಪಿಸುಗುಟ್ಟಿದಳು.

ಸದ್ದು ನಿಂತಿತು.

"ಅಕ್ಕ... ಈಗ ಕರೀತೀಯಾ? ಆವತ್ತು ಯಾಕೆ ಕರೀಲಿಲ್ಲ?"

ಜಾಲರಿ ಮಾತ್ರ ಒಂದು ಸಲ ಕಿರ್ರ್ ಅಂದಿತು... ಯಾರೋ ಒರಗಿದ್ದವರು ಎದ್ದುಹೋದ ಹಾಗೆ.

ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಆಫೀಸಿಗೆ ಹೋದಳು. ಕನ್ನಡಕದಣ್ಣನಿಗೆ ರಾತ್ರಿಯದು ಹೇಳಲಿಲ್ಲ. ಅವನೋ, ಒಂದು ದೂರಿನ ಕಾಗದ ಹಿಡಿದು ನಗುತ್ತಾ ಕೂತಿದ್ದ.

ಮೊದಲು ಆ ಆ್ಯಪು ಏನು ಅಂತ ಹೇಳಿಬಿಡುತ್ತೇನೆ. ಕಾಯಿಲೆಯವರಿಗೆ, ಒಂಟಿಯಾಗಿರುವವರಿಗೆ ಅಂತ ಮಾಡಿದ್ದು. ಒಂದು ಕೆಂಪು ಗುಂಡಿ. ಒತ್ತಿದರೆ ಸಾಕು, ಅವರವರ ಮನೆಯವರಿಗೆ ಕರೆ ಹೋಗುತ್ತದೆ. ಅದಕ್ಕಾಗಿ ಫೋನಿನಲ್ಲಿ ಬರೆದಿಟ್ಟ ಹೆಸರು ನಂಬರುಗಳನ್ನೆಲ್ಲ ಅದು ಓದಿ, ಗುಡಿಸಿ, ಒಪ್ಪ ಮಾಡಿ ಇಡುತ್ತದೆ.

"ಕೇಳು," ಅಂದ ಕನ್ನಡಕದಣ್ಣ. "ಗಡಿಯಾರ ರಿಪೇರಿ ಮಾಡೋ ಒಬ್ಬ ತಾತ ಬರೆದಿದ್ದಾನೆ. 'ಸ್ವಾಮೀ, ನನಗೆ ಇಬ್ಬರು ಹೆಣ್ಣುಮಕ್ಕಳು. ನಿಮ್ಮ ಆ್ಯಪು ಒಬ್ಬಳನ್ನು ನುಂಗಿದೆ. ದಯವಿಟ್ಟು ಕಕ್ಕಿಸಿ.' ಹೇಗಿದೆ?"

"ಅಂದ್ರೆ?"

"ಅಂದ್ರೆ ಇಬ್ಬರನ್ನೂ 'ಮಗಳು' ಅಂತಲೇ ಬರ್ಕೊಂಡಿದ್ದಾನೆ ಪುಣ್ಯಾತ್ಮ. ನಮ್ಮ ಜನ ಫೋನಲ್ಲಿ ಹೆಸರೆಲ್ಲಿ ಬರ್ಕೊತಾರೆ? ಮಾವ, ಅತ್ತೆ, ಹಾಲು, ಇಸ್ತ್ರಿ... ನಮ್ಮ ಆ್ಯಪು ಒಂದೇ ಹೆಸರು ಎರಡು ಸಲ ಕಂಡ್ರೆ ಒಬ್ಬರೇ ಅಂದ್ಕೊಂಡು ಸೇರಿಸಿಬಿಡುತ್ತೆ. ಹೊಸ ನಂಬರ್ ಇಟ್ಕೊಂಡು ಹಳೇದನ್ನ ಅಳಿಸುತ್ತೆ. ನೀನೇ ಬರೆದದ್ದಲ್ವಾ ಆ ನಿಯಮ?"

ಗುಬ್ಬಿ ಕೈಯಲ್ಲಿದ್ದ ಚಹದ ಲೋಟ ಮೇಜಿನ ಮೇಲಿಟ್ಟಳು.

ಅವಳಿಗೆ ಒಂದು ಭಾನುವಾರ ನೆನಪಾಗಿತ್ತು. ಆ್ಯಪು ಇನ್ನೂ ಹಸಿಯಾಗಿದ್ದಾಗ ಮೊದಲು ಹಾಕಿದ್ದೇ ಅಕ್ಕನ ಫೋನಿಗೆ. ಅಕ್ಕ ಮಿಷಿನ್ನು ತುಳಿಯುತ್ತಾ ನಕ್ಕಿದ್ದಳು. "ಹುಟ್ಟಿದಾಗಿಂದ ನಿನ್ನ ಅಂಗಿಗೆ ನಾನು ಗುಂಡಿ ಹಾಕ್ದೆ. ಈಗ ನೀನು ನನಗೆ ಗುಂಡಿ ಹಾಕಿ ಕೊಡ್ತೀಯೇನೇ?" ಅಂದಿದ್ದಳು. ಆಮೇಲೆ ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, "ಆದ್ರೆ ಒಂದು ತಿಳ್ಕೊ ಗುಬ್ಬಿ. ಗುಂಡಿ ಎಷ್ಟು ಚಂದ ಇದ್ರೂ ಅದು ತೂರೋ ಕಾಜಾ ನೆಟ್ಟಗಿರ್ಬೇಕು" ಅಂದಿದ್ದಳು. ಗುಂಡಿ ಅನ್ನೋ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ನೆಲದಲ್ಲಿ ತೋಡುವಂಥದ್ದು. ಆವತ್ತು ಯಾರಿಗೂ ಅದು ಹೊಳೆಯಲಿಲ್ಲ.

ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ನೋಡೋಕೆ ಗುಬ್ಬಿ ಅಕ್ಕನ ಫೋನಿನಲ್ಲಿ ಒಂದು ಸುಳ್ಳು ನಂಬರು ಬರೆದಿದ್ದಳು. ಒಂದು ಎರಡು ಮೂರು ನಾಲ್ಕು ಅಂತ ಸಾಲಾಗಿ. ಹೆಸರು ಕೇಳಿತು. ಬೇರೆ ಹೆಸರು ಹೊಳೆಯದೆ, ಬಾಯಿಗೆ ಬಂದ ತನ್ನದೇ ಹೆಸರು ಬರೆದಳು. ಗುಬ್ಬಿ. ಆಮೇಲೆ ಅಳಿಸೋದು ಮರೆತಳು.

ಅಕ್ಕ ಸತ್ತದ್ದು ಮರುದಿನ ರಾತ್ರಿ.

ಗುಬ್ಬಿ ಚೀಲವನ್ನೂ ತೆಗೆದುಕೊಳ್ಳದೆ ಎದ್ದು ಹೋದಳು. ಭಾವ ಮನೆಯಲ್ಲೇ ಇದ್ದ. ಮಿಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು.

"ಭಾವ, ಅಕ್ಕನ ಫೋನು ಎಲ್ಲಿದೆ?"

"ಯಾಕಮ್ಮ ಈಗ?"

"ನೋಡ್ಬೇಕು."

ಗುಂಡಿಗಳನ್ನು ಹಾಕಿಡುವ ಡಬ್ಬಿಯಿಂದ ಫೋನು ತೆಗೆದುಕೊಟ್ಟ. ಜೊತೆಗೆ ಸಿಮ್ಮಿನ ಎರಡು ಚೂರು ಬಿದ್ದವು.

"ಅವಳು ಹೋದ ಮೇಲೂ ಬಟ್ಟೆಯವರ ಕರೆ ಬರ್ತಾನೇ ಇತ್ತು," ಅಂದ. "'ಅಕ್ಕಾ, ಆಯ್ತಾ? ನಾಳೆ ಬರ್ಲಾ?' ಅಂತ. ಎಷ್ಟು ಜನಕ್ಕೆ ಹೇಳ್ಲಿ? ಅವಳ ಕತ್ತರೀಲೇ ಕತ್ತರಿಸಿಬಿಟ್ಟೆ."

ಫೋನಿಗೆ ಕರೆಂಟು ಕೊಟ್ಟು ಇಬ್ಬರೂ ನೆಲದ ಮೇಲೆ ಕೂತರು. ತುಂಬ ಹೊತ್ತಾದ ಮೇಲೆ ಬೆಳಕು ಬಂತು. ಹೆಸರುಗಳ ಪಟ್ಟಿಯಲ್ಲಿ ಒಬ್ಬಳೇ ಗುಬ್ಬಿ ಇದ್ದಳು. ಅವಳ ಮುಂದೆ ಒಂದು ಎರಡು ಮೂರು ನಾಲ್ಕು. ನಿಜವಾದ ನಂಬರು ಎಲ್ಲೂ ಇಲ್ಲ. ಈ ಕಾಲದಲ್ಲಿ ಯಾರ ನಂಬರು ಯಾರಿಗೆ ಬಾಯಿಪಾಠ ಇರುತ್ತದೆ ಹೇಳಿ?

ಆಮೇಲೆ ಕರೆಗಳ ಪಟ್ಟಿ ತೆಗೆದಳು. ಆ ಸೋಮವಾರ, ರಾತ್ರಿ ಎರಡು ಗಂಟೆ ಹತ್ತು ನಿಮಿಷ.

ಗುಬ್ಬಿ. ಗುಬ್ಬಿ. ಗುಬ್ಬಿ.

ಭಾವ ಮೆಲ್ಲಗೆ ಕೇಳಿದ. "ಕರೆದಿದ್ಲಾ?"

ಹೂಂ ಅನ್ನದೆ ಇರಬಹುದಿತ್ತು ಅವಳು. ಇಂಥದ್ದೆಲ್ಲ ಅವನಿಗೆ ಅರ್ಥವಾಗುವುದಿಲ್ಲ, ಫೋನು ಕೆಟ್ಟಿದೆ ಅಂದಿದ್ದರೆ ನಂಬುತ್ತಿದ್ದ.

"ಕರೆದಿದ್ಲು ಭಾವ. ಮೂರು ಸಲ. ನಾನೇ ದಾರಿ ಮುಚ್ಚಿಟ್ಟಿದ್ದೆ."

ಮೂರು ಸಲವೂ ಅಕ್ಕನ ಕಿವಿಗೆ ಏನು ಬಿದ್ದಿರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಉಸಿರಿಗೆ ಒದ್ದಾಡುವವಳಿಗೆ ಯಾರೋ ಗುರುತಿಲ್ಲದ ಹೆಂಗಸು ನಯವಾಗಿ ಹೇಳಿರುತ್ತಾಳೆ, 'ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ.' ಸಾಕಿದ ತಂಗಿ ಅಸ್ತಿತ್ವದಲ್ಲಿಲ್ಲ.

ಆಗ ಅತ್ತಳು ನೋಡಿ. ಎಂಟು ತಿಂಗಳ ಅಳು. ಮಿಷಿನ್ನಿನ ತುಳಿಯೋ ಹಲಗೆ ಅಪ್ಪಿಕೊಂಡು ಅತ್ತಳು. ಭಾವ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ನಾನು ಆವತ್ತು ಲೋಡು ಬೇಡ ಅಂದಿದ್ರೆ ಆಗ್ತಿತ್ತು..." ಅಂದ. ಅಷ್ಟೇ. ಆಮೇಲೆ ಎದ್ದು, "ಚಹ ಇಡ್ತೀನಿ. ಕುಡಿದು ಹೋಗು" ಅಂದ.

ಹೊರಡುವ ಮುಂಚೆ ಗುಬ್ಬಿ ಒಂದು ಕೆಲಸ ಮಾಡಿದಳು. ಸುಳ್ಳು ನಂಬರು ಅಳಿಸಿ ಅಲ್ಲಿ ತನ್ನ ನಿಜವಾದ ನಂಬರು ಬರೆದಳು. ಒಂದೊಂದೇ ಅಂಕಿ, ಎರಡೆರಡು ಸಲ ನೋಡಿಕೊಂಡು. ಸತ್ತವರ ಫೋನಿನಲ್ಲಿ ಅದರಿಂದ ಏನು ಪ್ರಯೋಜನ ಅಂತ ಭಾವ ಕೇಳಲಿಲ್ಲ. ಫೋನು ಆರಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು.

ಸೀದಾ ಆಫೀಸಿಗೆ ಹೋಗಿ ಆ ನಿಯಮವನ್ನೂ ಕಿತ್ತುಹಾಕಿದಳು. ಗಡಿಯಾರದ ತಾತನಿಗೆ ಇಬ್ಬರು ಮಕ್ಕಳೂ ವಾಪಸು ಬಂದರು. ಅದೆಲ್ಲ ಮುಗಿಯೋ ಹೊತ್ತಿಗೆ ರಾತ್ರಿ ಆಗಿತ್ತು.

ಬಾವಿ ಹತ್ತಿರ ಬಂದಳು. ಫೋನು ಇನ್ನೂ ಏರೋಪ್ಲೇನ್ ಗುರುತಿಗೇ ಹಾಕಿತ್ತು. ಜಾಲರಿಗೆ ಕೈಯಿಟ್ಟು ನಿಂತಳು. ಕಬ್ಬಿಣ ತಣ್ಣಗಿತ್ತು.

"ಅಕ್ಕ," ಅಂದಳು. "ನಾನು ಇದ್ದೆ ಕಣೇ. ಅಸ್ತಿತ್ವದಲ್ಲಿ ಇದ್ದೆ. ಎದ್ದೇ ಇದ್ದೆ ಆವತ್ತು."

ಏನೂ ಕೇಳಲಿಲ್ಲ. ಸುಂಯ್ ಅನ್ನೋ ಸದ್ದೂ ಇಲ್ಲ. ಮೂರು ರಿಂಗಿಗೆ ಕಾದಳು. ಬರಲಿಲ್ಲ. ಕೊನೆಗೆ ರೂಮಿಗೆ ಹೋದಳು, ಬೀಗ ತೆಗೆದಳು, ಹಾಸಿಗೆ ಹಾಸಿದಳು. ಬಾವಿಯಿಂದ ಅಕ್ಕನ ಮನೆಗೆ ನಡೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾಗಿತ್ತು.

ಟ್ರಿಣ್.

ಒಂದೇ. ಒಂದೇ ಒಂದು.

ಗುಬ್ಬಿ ಎದ್ದು ದೀಪ ಆರಿಸಿದಳು. ಆ ರಾತ್ರಿ ನಿದ್ದೆ ಬಂತಂತೆ.

ಕನಸು ಕಂಡಿರಬೇಕು ಅನ್ನುತ್ತೀರಿ. ಅನ್ನಿ. ನಾಲ್ಕು ದಿನ ಕಳೆದು ಅವಳು ನನ್ನನ್ನು ಭಾವನ ಮನೆಗೆ ಕರೆದುಕೊಂಡು ಹೋದಳು. "ದೊಡ್ಡಜ್ಜಿ, ನೀನೊಂದು ಸಲ ನೋಡು, ನನಗೇ ನಂಬಿಕೆ ಬರ್ತಿಲ್ಲ" ಅಂತ. ಡಬ್ಬಿ ತೆಗೆದರು. ಸಿಮ್ಮಿನ ಎರಡು ಚೂರು ಗುಂಡಿಗಳ ನಡುವೆ ಹಾಗೇ ಬಿದ್ದಿದ್ದವು. ಫೋನು ಹೊತ್ತಿಸಿ, ಕರೆಗಳ ಪಟ್ಟಿ ತೆಗೆದು ನನ್ನ ಕಣ್ಣ ಮುಂದೆ ಹಿಡಿದರು.

ನಾನು ಶಾಲೆಗೆ ಹೋದವಳಲ್ಲ, ಆ ಫೋನಿನ ಅಕ್ಷರ ನನಗೆ ಹತ್ತುವುದಿಲ್ಲ. ಎಣಿಸೋಕೆ ಮಾತ್ರ ಚೆನ್ನಾಗಿ ಬರುತ್ತದೆ. ಗುಬ್ಬಿ ತನ್ನ ಹೆಸರು ತೋರಿಸಿದ ಕಡೆಯೆಲ್ಲ ಬೆರಳಿಟ್ಟು ಎಣಿಸಿದೆ. ಕೆಳಗೆ ಮೂರು ಗುಬ್ಬಿ ಇದ್ದವು.

ಮೇಲೆ ಒಂದು. ಒಟ್ಟು ನಾಲ್ಕು.